ಸರ್ವರೋಗಕ್ಕೂ ಫಾರ್ಮ್ಯಾಟೇ ಮದ್ದೆ?



ಕೆಟ್ಟುಹೋದ ಕಂಪ್ಯೂಟರನ್ನು ಗೋಣಿಚೀಲದಲ್ಲೋ ಹಳೆಯ ಬೆಡ್‌ಶೀಟಿನಲ್ಲೋ ಸುತ್ತಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ನಮ್ಮ ಕಡಹಿನಬೈಲಿನ ಕಡೆಯವರು ಪೇಟೆಗೆ ಹೋದರೆ, ಅಂಗಡಿಯಲ್ಲಿ ಕೇಳುವ ಮೊದಲ ಮಾತು ಸಾಮಾನ್ಯವಾಗಿ ಒಂದೇ: "ಫಾರ್ಮ್ಯಾಟ್ ಮಾಡಬೇಕು." ಯಂತ್ರ ನಿಧಾನವಾಗಿದ್ದರೂ ಫಾರ್ಮ್ಯಾಟ್, ವೈರಸ್ ಹೊಕ್ಕಿದ್ದರೂ ಫಾರ್ಮ್ಯಾಟ್, ಪ್ರಿಂಟರ್ ಮಾತು ಕೇಳದಿದ್ದರೂ ಫಾರ್ಮ್ಯಾಟ್. ನೆಗಡಿಯಾಯಿತೆಂದು ಮೂಗು ಕೊಯ್ದುಕೊಂಡರಂತೆ ಎಂಬ ಗಾದೆಯನ್ನು ನಾವು ನಗುವುದಕ್ಕಾಗಿ ಹೇಳುತ್ತಿದ್ದೆವು. ಈಗ ಅದೊಂದು ಉದ್ಯೋಗವೇ ಆಗಿದೆ; ಮೂಗು ಕೊಯ್ಯಿಸಿಕೊಂಡವರು ಮಜೂರಿಯನ್ನೂ ಕೊಟ್ಟು, ಕೈಮುಗಿದು ಹಿಂದಿರುಗುತ್ತಾರೆ.

ಈ ರೂಢಿಯನ್ನು ವಿರೋಧಿಸಿ ಬರೆಯಬೇಕೆಂದು ಬಹುಕಾಲದಿಂದ ಅಂದುಕೊಂಡಿದ್ದೆ. ನನ್ನ ವಾದದಲ್ಲಿ ಎರಡು ಮಾತುಗಳಿವೆ. ಒಡೆಯನ ಬರಹ, ಲೆಕ್ಕ, ಚಿತ್ರಗಳ ಪ್ರತಿ ತೆಗೆಯದೆ ಫಾರ್ಮ್ಯಾಟ್ ಮಾಡುವುದನ್ನು ರಿಪೇರಿ ಎಂದು ಕರೆಯಲಾಗದು, ಅದು ನಾಶ, ಇದು ಮೊದಲನೆಯದು. ತನ್ನ ಕಂಪ್ಯೂಟರನ್ನು ಮರಳಿ ಎಬ್ಬಿಸಿ ನಿಲ್ಲಿಸುವ ಸಾಧನ, ಎಂದರೆ ಒಂದು ಡಿಸ್ಕೋ ಪೆನ್‌ಡ್ರೈವೋ, ಕೊಂಡವನ ಕೈಯಲ್ಲಿಯೇ ಇರಬೇಕು, ಇದು ಎರಡನೆಯದು. ಈ ಎರಡನ್ನೂ ನಮ್ಮಿಂದ ಕಸಿದುಕೊಂಡವರಲ್ಲಿ ಅಂಗಡಿಯವರಿದ್ದಾರೆ, ದೊಡ್ಡ ಕಂಪನಿಗಳಿವೆ, ಹೇಳಿದರೆ ಬೇಸರಿಸಬೇಡಿ, ಬೆಂಗಳೂರು-ಅಮೆರಿಕಗಳಲ್ಲಿ ಇದೇ ವಿದ್ಯೆಯಿಂದ ಅನ್ನ ಉಣ್ಣುತ್ತಿರುವ ನೀವೂ ಇದ್ದೀರಿ.

ಕಂಪ್ಯೂಟರಿನ ಒಳಗಿರುವುದೆಲ್ಲ ಒಂದೇ ಬಗೆಯದಲ್ಲವೆಂಬುದನ್ನು ಮೊದಲು ತಿಳಿಯಬೇಕು. ಯಂತ್ರವನ್ನು ನಡೆಸುವ ಆಪರೇಟಿಂಗ್ ಸಿಸ್ಟಮ್, ಅಂದರೆ ಕಾರ್ಯಾಚರಣ ವ್ಯವಸ್ಥೆ, ಒಂದು. ಅದರ ಆಶ್ರಯದಲ್ಲಿ ನಾವು ಕೂಡಿಟ್ಟ ಬರಹ, ಲೆಕ್ಕಪತ್ರ, ಫೋಟೋಗಳು ಇನ್ನೊಂದು. ವಿಂಡೋಸ್ ಹಾಳಾದರೆ ಅದರ ಪ್ರತಿ ಜಗತ್ತಿನಲ್ಲಿ ಕೋಟಿಗಟ್ಟಲೆ ಇದೆ. ಎಲ್ಲಿಂದಲಾದರೂ ತಂದು ಹಾಕಬಹುದು. ನಿಮ್ಮ ಅಜ್ಜಿ ಹಾಡಿದ ಸೋಬಾನೆಯ ಧ್ವನಿಮುದ್ರಣ ಹಾಳಾದರೆ ಅದು ಮತ್ತೆಲ್ಲಿಯೂ ಇಲ್ಲ. ಮಳೆಗಾಲದಲ್ಲಿ ಮಾಡು ಸೋರಿದರೆ ನಾವು ಒಡೆದ ಹೆಂಚನ್ನು ತೆಗೆದು ಬೇರೆ ಹೊದಿಸುತ್ತೇವೆ. ಅಟ್ಟದ ಪೆಟ್ಟಿಗೆಯಲ್ಲಿರುವ ಜಮೀನಿನ ಕಾಗದಗಳನ್ನು ಹೊಳೆಗೆ ಎಸೆಯುವುದಿಲ್ಲ. ಪ್ರತಿ ತೆಗೆಯದೆ ಫಾರ್ಮ್ಯಾಟ್ ಮಾಡುವವನು ಹೆಂಚಿನ ಜತೆಗೆ ಆ ಪೆಟ್ಟಿಗೆಯನ್ನೂ ಎಸೆಯುತ್ತಾನೆ.

"ಡಿ ಡ್ರೈವ್ ಮುಟ್ಟುವುದಿಲ್ಲ, ಸಿ ಡ್ರೈವ್ ಮಾತ್ರ" ಎಂದು ಸಮಾಧಾನ ಹೇಳುವವರಿದ್ದಾರೆ. ಹಳ್ಳಿಯ ಮನೆಗಳಲ್ಲಿ ಕಡತಗಳು ಎಲ್ಲಿರುತ್ತವೆ? ಬಹುಪಾಲು ಡೆಸ್ಕ್‌ಟಾಪಿನ ಮೇಲೆ, ಉಳಿದದ್ದು ಡಾಕ್ಯುಮೆಂಟ್ಸ್ ಎಂಬ ಫೋಲ್ಡರಿನಲ್ಲಿ. ಇವೆರಡೂ ಸಾಮಾನ್ಯವಾಗಿ ಇರುವುದು ಸಿ ಡ್ರೈವಿನಲ್ಲಿಯೇ. ಕಣ್ಣೆದುರು ಪರದೆಯ ಮೇಲೆ ಇಟ್ಟದ್ದು ಎಲ್ಲಕ್ಕಿಂತ ಭದ್ರವೆಂದು ವಯಸ್ಸಾದವರು ನಂಬಿರುತ್ತಾರೆ. ಮೊದಲು ಅಳಿಯುವುದು ಅದೇ.

ನಾನು ಕಂಡ ಒಂದು ಸಂಗತಿಯನ್ನು ಹೇಳುತ್ತೇನೆ. ನಮ್ಮ ಬಂಧುವರ್ಗದ ಹಿರಿಯರೊಬ್ಬರು ನಿವೃತ್ತಿಯ ನಂತರ ಟೈಪಿಂಗ್ ಕಲಿತು, ಸುಮಾರು ಹನ್ನೆರಡು ವರ್ಷ ತೋಟದ ಲೆಕ್ಕವನ್ನು ಕಂಪ್ಯೂಟರಿನಲ್ಲಿ ಬರೆದಿಟ್ಟಿದ್ದರು. ಯಾವ ವರ್ಷ ಕೊಳೆರೋಗಕ್ಕೆ ಎಷ್ಟು ಅಡಿಕೆ ಉದುರಿತು, ಬೋರ್ಡೊ ದ್ರಾವಣ ಎಷ್ಟು ಸಲ ಹೊಡೆಸಿದರು, ಯಾರಿಗೆ ಎಷ್ಟು ಕೂಲಿ, ಯಾವ ತಿಂಗಳು ಎಷ್ಟು ಮಳೆ ಎಲ್ಲವೂ ಅಲ್ಲಿತ್ತು. ಅದರ ಜತೆಗೆ ತಮ್ಮ ಮನೆತನದ ಐದು ತಲೆಮಾರಿನ ವಂಶವೃಕ್ಷವನ್ನು, ಊರೂರು ತಿರುಗಿ ಕೇಳಿ ತಿಳಿದು, ತಯಾರಿಸಿದ್ದರು. ಅವರು ತೀರಿಕೊಂಡ ಮೇಲೆ ಒಂದು ಬೇಸಿಗೆಯಲ್ಲಿ ಯಂತ್ರ ಆರಂಭವಾಗದೆ ನಿಂತಿತು. ಅವರ ಪತ್ನಿ ಅದನ್ನು ಪೇಟೆಗೆ ಕಳಿಸಿದರು. ಸಂಜೆಯ ಹೊತ್ತಿಗೆ ಯಂತ್ರ ಹೊಸದರಂತೆ ಹೊಳೆಯುತ್ತ ಬಂತು. ಪರದೆಯ ಮೇಲೆ ಹುಲ್ಲುಗಾವಲಿನ ಚಿತ್ರ, ಕೆಳಗೆ ಕಸದ ಬುಟ್ಟಿ, ಬೇರೇನೂ ಇಲ್ಲ. "ಅವರು ಬರೆದದ್ದು ಎಲ್ಲಿ?" ಎಂದು ಆ ತಾಯಿ ಕೇಳಿದ್ದಕ್ಕೆ ಫೋನಿನಲ್ಲಿ ಬಂದ ಉತ್ತರ: "ಅಮ್ಮ, ಫಾರ್ಮ್ಯಾಟ್ ಅಂದ್ರೆ ಎಲ್ಲಾ ಹೋಗುತ್ತೆ, ಅದು ಗೊತ್ತಿರ್ಬೇಕಲ್ವಾ?"

ಗೊತ್ತಿರಬೇಕಾದದ್ದು ಯಾರಿಗೆ? ವೈದ್ಯನು ಕಾಲು ಕತ್ತರಿಸುವ ಮುನ್ನ ರೋಗಿಯ ಒಪ್ಪಿಗೆ ಪಡೆಯುತ್ತಾನೆ. ಕತ್ತರಿಸಿದ ಮೇಲೆ "ಆಪರೇಷನ್ ಅಂದರೆ ಗೊತ್ತಿರಬೇಕಲ್ಲ" ಎನ್ನುವುದಿಲ್ಲ.

ಅಂಗಡಿಯವರ ಸಮರ್ಥನೆಗಳನ್ನು ನಾನು ಕೇಳಿದ್ದೇನೆ. ಅವರಲ್ಲಿ ನನ್ನ ಶಿಷ್ಯರೂ ಇದ್ದಾರೆ. ಅವರ ಕಷ್ಟವನ್ನು ಅಲ್ಲಗಳೆಯಲಾರೆ. "ಸಾರ್, ಜನ ಇನ್ನೂರು ರೂಪಾಯಿಗೂ ಚೌಕಾಸಿ ಮಾಡ್ತಾರೆ, ಎರಡು ತಾಸು ಕೂತು ಫೈಲ್ ಹುಡುಕಿದ್ರೆ ನಮಗೇನು ಉಳಿಯುತ್ತೆ?" ಎನ್ನುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಹಾಗಿದ್ದರೆ ಎರಡು ತಾಸಿನ ಕೂಲಿಯನ್ನು ಕೇಳಿ ಪಡೆಯಿರಿ. ಗೋಡೆಗೆ ಒಂದು ಫಲಕ ಹಾಕಿ: ಫಾರ್ಮ್ಯಾಟಿಗೆ ಇಷ್ಟು, ಕಡತಗಳನ್ನು ಉಳಿಸಿ ಫಾರ್ಮ್ಯಾಟ್ ಮಾಡಲು ಇಷ್ಟು. ಆಯ್ಕೆಯನ್ನು ಗಿರಾಕಿಗೆ ಬಿಡಿ. ಬೆಲೆ ಹೇಳುವ ಮುಜುಗರಕ್ಕೆ ಅಂಜಿ ಇನ್ನೊಬ್ಬರ ಹನ್ನೆರಡು ವರ್ಷವನ್ನು ಅಳಿಸುವುದು ಯಾವ ವ್ಯಾಪಾರಧರ್ಮ?

"ಯಂತ್ರವೇ ತೆರೆದುಕೊಳ್ಳದಿದ್ದರೆ ಪ್ರತಿ ತೆಗೆಯುವುದು ಹೇಗೆ?" ಎಂಬುದು ಎರಡನೆಯ ಸಮರ್ಥನೆ. ಇದು ನಿಲ್ಲುವ ಮಾತಲ್ಲ. ವಿಂಡೋಸ್ ಏಳದಿದ್ದರೂ ಹಾರ್ಡ್ ಡಿಸ್ಕ್ ಜೀವಂತವಾಗಿರಬಹುದು. ಲಿನಕ್ಸ್ ತುಂಬಿದ ಪೆನ್‌ಡ್ರೈವಿನಿಂದ ಯಂತ್ರವನ್ನು ಎಬ್ಬಿಸಿ, ಏನನ್ನೂ ಅಳಿಸದೆ, ಒಳಗಿನ ಫೋಲ್ಡರುಗಳನ್ನು ಹೊರಗಿನ ಡ್ರೈವಿಗೆ ನಕಲು ಮಾಡಬಹುದು. ಇಲ್ಲವೆ ಡಿಸ್ಕನ್ನು ಬಿಚ್ಚಿ, ಒಂದು ಅಗ್ಗದ ಕೇಬಲ್ಲಿನಿಂದ ಬೇರೆ ಕಂಪ್ಯೂಟರಿಗೆ ಜೋಡಿಸಬಹುದು. ನಮ್ಮಲ್ಲಿ ಏಪ್ರಿಲ್-ಮೇ ತಿಂಗಳ ಗುಡುಗಿನ ಮಳೆಗೆ ವಿದ್ಯುತ್ ತಂತಿ, ದೂರವಾಣಿ ತಂತಿಗಳ ಮೂಲಕ ಸಿಡಿಲಿನ ಹೊಡೆತ ಬಂದು ಮದರ್‌ಬೋರ್ಡ್ ಸುಟ್ಟರೂ ಡಿಸ್ಕ್ ಉಳಿದಿರುವುದುಂಟು. ವಿಂಡೋಸ್ 10 ಮತ್ತು 11ರಲ್ಲಂತೂ ಕಡತಗಳನ್ನು ಇಟ್ಟುಕೊಂಡೇ ವ್ಯವಸ್ಥೆಯನ್ನು ಹೊಸದಾಗಿ ಸ್ಥಾಪಿಸುವ 'ರೀಸೆಟ್' ಸೌಲಭ್ಯ ಯಂತ್ರದೊಳಗೇ ಇದೆ. ಇಷ್ಟೆಲ್ಲ ದಾರಿಗಳಿರುವಾಗ ಕಟ್ಟಕಡೆಯದನ್ನು ಮೊದಲು ಹಿಡಿಯುವುದು ಸೋಮಾರಿತನ.

ಅಳಿಸಿದ ಮೇಲೂ ಹಳೆಯ ಬಗೆಯ ತಿರುಗುವ ಹಾರ್ಡ್ ಡಿಸ್ಕಿನಲ್ಲಿ ಸ್ವಲ್ಪ ಆಸೆ ಇರುತ್ತದೆ. ತ್ವರಿತ ಫಾರ್ಮ್ಯಾಟ್ ಅಳಿಸುವುದು ಪುಸ್ತಕದ ಪರಿವಿಡಿಯನ್ನು; ಹೊಸ ಬರವಣಿಗೆ ಮೇಲೆ ಬೀಳುವವರೆಗೆ ಪುಟಗಳು ಒಳಗೇ ಇರುತ್ತವೆ. ಆದರೆ ಈಗಿನ ಎಸ್‌ಎಸ್‌ಡಿಗಳಲ್ಲಿ ಅಳಿಸಿದ ಜಾಗವನ್ನು ಡ್ರೈವ್ ತಾನಾಗಿ ಬರಿದು ಮಾಡಿಕೊಳ್ಳುವ ಏರ್ಪಾಡು ಇರುವುದರಿಂದ, ಹೋದದ್ದು ಸಾಮಾನ್ಯವಾಗಿ ಹೋದದ್ದೇ. ಯಂತ್ರಗಳು ಸುಧಾರಿಸಿದಂತೆ ಅಜಾಗರೂಕತೆಗೆ ತೆರುವ ಬೆಲೆ ಹೆಚ್ಚಿದೆ.

ಬಿ.ಎಡ್. ಓದುವಾಗ ನಮಗೆ ಕಲಿಸಿದ ಒಂದು ಮಾತು ನೆನಪಾಗುತ್ತದೆ. ವಿದ್ಯಾರ್ಥಿ ಹಿಂದುಳಿದರೆ ಮೊದಲು ನೈದಾನಿಕ ಪರೀಕ್ಷೆ, ಆಮೇಲೆ ಪರಿಹಾರ ಬೋಧನೆ. ಎಲ್ಲಿ ತಪ್ಪುತ್ತಿದ್ದಾನೆ, ಏಕೆ ತಪ್ಪುತ್ತಿದ್ದಾನೆ ಎಂದು ಕಂಡುಕೊಂಡು ಅಷ್ಟನ್ನು ಮಾತ್ರ ತಿದ್ದಬೇಕು. ಬೀಜಗಣಿತದಲ್ಲಿ ಫೇಲಾದ ಹುಡುಗನಿಗೆ ಟಿ.ಸಿ. ಬರೆದು ಕೊಟ್ಟು, ಬೇರೆ ಹುಡುಗನನ್ನು ಅದೇ ಬೆಂಚಿನಲ್ಲಿ ಕೂರಿಸಿ, "ನೋಡಿ, ಈಗ ತರಗತಿ ಸರಿಹೋಯಿತು" ಎನ್ನುವ ಉಪಾಧ್ಯಾಯನನ್ನು ನೀವು ಏನೆಂದು ಕರೆಯುವಿರಿ?

ಅಂಗಡಿಯವರನ್ನು ಮಾತ್ರ ಬೈದು ಮುಗಿಸಿದರೆ ಅನ್ಯಾಯವಾದೀತು. ಅವರನ್ನು ಈ ಸ್ಥಿತಿಗೆ ತಂದ ದೊಡ್ಡವರಿದ್ದಾರೆ. ವಿಂಡೋಸ್ 98, ಎಕ್ಸ್‌ಪಿಗಳ ಕಾಲದಲ್ಲಿ ಬ್ರ್ಯಾಂಡೆಡ್ ಕಂಪ್ಯೂಟರ್ ಕೊಂಡರೆ ಪೆಟ್ಟಿಗೆಯಲ್ಲಿ ಸಾಮಾನ್ಯವಾಗಿ ಒಂದು ಸಿಡಿ ಇರುತ್ತಿತ್ತು, 25 ಅಕ್ಷರಗಳ ಕೀಲಿಸಂಖ್ಯೆಯ ಚೀಟಿ ಇರುತ್ತಿತ್ತು. ಆ ಸಿಡಿಯನ್ನು ಪಹಣಿಯಷ್ಟೇ ಜೋಪಾನವಾಗಿ ಬೀರುವಿನಲ್ಲಿ ಇಟ್ಟವರನ್ನು ನಾನು ಬಲ್ಲೆ. ಬರಬರುತ್ತ ಕಂಪನಿಗಳು ಡಿಸ್ಕ್ ಕೊಡುವುದನ್ನು ನಿಲ್ಲಿಸಿದವು. ಅದರ ಬದಲು ಹಾರ್ಡ್ ಡಿಸ್ಕಿನಲ್ಲೇ ಒಂದು ಗುಪ್ತ ಭಾಗ ಮಾಡಿ, ಮರುಸ್ಥಾಪನೆಯ ಸಾಮಗ್ರಿಯನ್ನು ಅಲ್ಲಿಟ್ಟವು. ಆ ಹಾರ್ಡ್ ಡಿಸ್ಕೇ ಕೆಟ್ಟರೆ? ಮನೆಯ ಬೀಗದಕೈಯನ್ನು ಒಳಗಿನ ಗೂಡಿನಲ್ಲಿಟ್ಟು ಹೊರಗಿನಿಂದ ಬಾಗಿಲು ಎಳೆದುಕೊಂಡ ಜಾಣತನ ಇದು. ಒಂದು ಡಿಸ್ಕಿನ ವೆಚ್ಚ ಉಳಿಯಿತು ಕಂಪನಿಗೆ. ನಷ್ಟ ಬಂದದ್ದು ನಮ್ಮ ಪಾಲಿಗೆ.

ಇದರ ಫಲವೇನಾಯಿತು? ಕೈಯಲ್ಲಿ ಡಿಸ್ಕಿಲ್ಲದ ಗಿರಾಕಿಗೆ ಅಂಗಡಿಯವನು ತನ್ನಲ್ಲಿದ್ದ ಕಳ್ಳಪ್ರತಿಯನ್ನು ಹಾಕಿಕೊಟ್ಟ. ವಿಚಿತ್ರವೆಂದರೆ, ವಿಂಡೋಸ್ 8 ಬಂದ 2012ರಿಂದೀಚೆಗೆ ವಿಂಡೋಸ್ ಸಹಿತ ಮಾರಾಟವಾದ ಕಂಪ್ಯೂಟರುಗಳಲ್ಲಿ ಕೀಲಿಸಂಖ್ಯೆ ಯಂತ್ರದ ಒಡಲಲ್ಲೇ ಅಡಕವಾಗಿರುತ್ತದೆ. ಅದೇ ಆವೃತ್ತಿಯ ಅಸಲಿ ಪ್ರತಿಯನ್ನು ಮೈಕ್ರೋಸಾಫ್ಟಿನ ತಾಣದಿಂದ ಪುಕ್ಕಟೆಯಾಗಿ ಇಳಿಸಿ ಹಾಕಿದರೆ ಅದು ತಾನೇ ಗುರುತು ಹಿಡಿಯುತ್ತದೆ. ಹಣ ಕೊಟ್ಟು ಅಸಲಿ ಕೊಂಡವನ ಯಂತ್ರಕ್ಕೆ ನಕಲಿಯನ್ನು ತುಂಬುವುದು ಎಂಥ ವಿಪರ್ಯಾಸ! ಅಂಥ ನಕಲಿಗಳ ಜತೆಗೆ ಬೀಗ ಒಡೆಯುವ ತಂತ್ರಾಂಶವೂ, ಅದರ ಬೆನ್ನಿಗೆ ವೈರಸ್ಸೂ ಬರುತ್ತವೆ. ಆರು ತಿಂಗಳಿಗೆ ಮತ್ತೆ ಪೇಟೆ, ಮತ್ತೆ ಫಾರ್ಮ್ಯಾಟ್.

ಇನ್ನು ಕಂಪನಿಯ ಪಂಚಾಂಗವನ್ನು ನೋಡಿ. ಎಕ್ಸ್‌ಪಿಗೆ ಬೆಂಬಲ ನಿಂತದ್ದು 2014ರ ಏಪ್ರಿಲ್ 8ರಂದು. ವಿಂಡೋಸ್ 7ಕ್ಕೆ 2020ರ ಜನವರಿ 14ರಂದು. ವಿಂಡೋಸ್ 10ಕ್ಕೆ 2025ರ ಅಕ್ಟೋಬರ್ 14ರಂದು. ಮನೆಬಳಕೆಯವರು ನೋಂದಾಯಿಸಿಕೊಂಡರೆ ಇನ್ನೊಂದು ವರ್ಷ ಭದ್ರತಾ ಪರಿಷ್ಕರಣೆ ಕೊಡುವುದಾಗಿ ಕಂಪನಿ ಘೋಷಿಸಿತು, ಅಷ್ಟೆ. 2021ರಲ್ಲಿ ಬಂದ ವಿಂಡೋಸ್ 11 ಬೇಕೆಂದರೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ ಬೇಕು, ಕಂಪನಿ ಒಪ್ಪಿದ ಪಟ್ಟಿಯ ಪ್ರೊಸೆಸರ್ ಬೇಕು. ಹತ್ತು ವರ್ಷದ ಹಿಂದೆ ಕೊಂಡ, ಇಂದಿಗೂ ಗಟ್ಟಿಮುಟ್ಟಾಗಿ ಓಡುವ ಯಂತ್ರಗಳು ಈ ಪರೀಕ್ಷೆಯಲ್ಲಿ ನಪಾಸಾಗುತ್ತವೆ. ಭದ್ರತೆಗೆ ಹೊಸ ಚಿಪ್ ಒಳ್ಳೆಯದೇ ಇರಬಹುದು. ಅದನ್ನು ತಜ್ಞರು ಹೇಳಲಿ. ಆದರೆ ನಡೆಯುವ ಎತ್ತನ್ನು ಕೊಂಬಿನ ಅಳತೆ ಸರಿಯಿಲ್ಲವೆಂದು ಕೊಟ್ಟಿಗೆಯಿಂದ ಅಟ್ಟಿದರೆ ರೈತ ಏನು ಮಾಡಬೇಕು? 1974ರ ಭೂಸುಧಾರಣೆ ಗೇಣಿಪದ್ಧತಿಯನ್ನು ತೆಗೆದ ನಾಡಿನಲ್ಲಿ, ನಾವು ದುಡ್ಡು ಕೊಟ್ಟು ಕೊಂಡ ಯಂತ್ರಕ್ಕೆ ಗೇಣಿದಾರರಾಗಿ ಕೂತಿದ್ದೇವೆ. ಎಬ್ಬಿಸುವ ದಿನವನ್ನು ಧಣಿಗಳು ಗೊತ್ತುಮಾಡುತ್ತಾರೆ.

ಕನ್ನಡದಲ್ಲಿ ಬರೆಯುವವರ ಸಂಕಷ್ಟ ಇದಕ್ಕಿಂತ ಒಂದು ಮಡಿಕೆ ಹೆಚ್ಚು. 1998ರಲ್ಲಿ ಶೇಷಾದ್ರಿವಾಸು ಅವರ 'ಬರಹ' ಬಂದಾಗ, ಆಮೇಲೆ ಕನ್ನಡ ಗಣಕ ಪರಿಷತ್ತಿನ 'ನುಡಿ' ಬಂದಾಗ, ನಾವೆಲ್ಲ ಸಂಭ್ರಮಪಟ್ಟೆವು. ಕೆ.ಪಿ. ರಾವ್ ಅವರ ಕೀಲಿಮಣೆ ವಿನ್ಯಾಸದಲ್ಲಿ ಬೆರಳಾಡಿಸಿ ಕನ್ನಡ ಮೂಡುವುದನ್ನು ಕಂಡ ಸಂತೋಷ ಸಣ್ಣದಲ್ಲ. ಆದರೆ ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ರೂಪಗಳನ್ನು ಕೂರಿಸಿದ್ದವು. ಯಂತ್ರದ ಲೆಕ್ಕಕ್ಕೆ ಅದು ಇಂಗ್ಲಿಷೇ. ಫಾಂಟ್ ಎಂಬ ವೇಷ ತೊಡಿಸಿದಾಗ ಮಾತ್ರ ಕನ್ನಡ. ಫಾರ್ಮ್ಯಾಟ್ ಮಾಡಿದಾಗ ಆ ವೇಷವೂ ಹೋಗುತ್ತದೆ. ಪುಣ್ಯವಶಾತ್ ಕಡತದ ಪ್ರತಿ ಉಳಿದಿದ್ದರೂ ತೆರೆದರೆ ಕಾಣುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಗೋಜಲು. "ಫೈಲ್ ಕರಪ್ಟ್ ಆಗಿದೆ" ಎಂದು ಅದನ್ನು ಅಳಿಸಿದವರು ಎಷ್ಟು ಮಂದಿಯೋ! ಆ ಕಡತ ಕೆಟ್ಟಿಲ್ಲ. ಹಳೆಯ ಫಾಂಟನ್ನು ಹಾಕಿದರೆ ಅಕ್ಷರಗಳು ಮರಳಿ ಬರುತ್ತವೆ. ಯೂನಿಕೋಡಿಗೆ ಪರಿವರ್ತಿಸುವ ತಂತ್ರಾಂಶಗಳೂ ಇವೆ. 1991ರಲ್ಲಿ ಪ್ರಕಟವಾದ ಯೂನಿಕೋಡಿನ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ತನ್ನದೇ ಸ್ಥಾನ ದೊರೆತಿತ್ತು. ಆದರೂ ಹಳೆಯ ನುಡಿಯಲ್ಲಿ ಬರೆದ ಅಭಿನಂದನ ಗ್ರಂಥಗಳು, ಸಂಘದ ನಡವಳಿಗಳು, ಪ್ರಶ್ನೆಪತ್ರಿಕೆಗಳು ಇಂದಿಗೂ ಮನೆಮನೆಯ ಡಿಸ್ಕುಗಳಲ್ಲಿ ಪರಿವರ್ತನೆಯಾಗದೆ ಕುಳಿತಿವೆ.

ನಮ್ಮ ತಾಲ್ಲೂಕಿನ ನೆರೆಯ ಶೃಂಗೇರಿಯಲ್ಲಿ ಹರಿಯುವ ತುಂಗೆಯ ಹೆಸರನ್ನು ಮೈಕ್ರೋಸಾಫ್ಟ್ ತನ್ನ ಕನ್ನಡ ಫಾಂಟಿಗೆ ಇಟ್ಟು, 2001ರ ಎಕ್ಸ್‌ಪಿಯಲ್ಲಿ ಕಳಿಸಿತ್ತು. ವಿಂಡೋಸ್ 10ಕ್ಕೆ ಬರುವ ಹೊತ್ತಿಗೆ 'ತುಂಗಾ' ಐಚ್ಛಿಕವಾಯಿತು. ಕನ್ನಡವನ್ನು ಭಾಷೆಯಾಗಿ ಸೇರಿಸಿಕೊಂಡರೆ ಅಥವಾ ಹುಡುಕಿ ಹಾಕಿಕೊಂಡರೆ ಮಾತ್ರ ಸಿಗುತ್ತದೆ. ಹೊಸದಾಗಿ ಸ್ಥಾಪಿಸಿದ ಯಂತ್ರದಲ್ಲಿ ಕನ್ನಡದ ಏರ್ಪಾಡು ಕೇಳಿ ಮಾಡಿಸಿಕೊಳ್ಳಬೇಕಾದ ವಸ್ತು. ಕೇಳದವನಿಗೆ ಇಲ್ಲ.

ಇದಕ್ಕೆ ಬೇರೆ ದಾರಿಯೇ ಇಲ್ಲವೆ? ಇದೆ, ಅದು ದೂರದ್ದೂ ಅಲ್ಲ. ಕೇರಳದಿಂದ ಬಂದು ನೆಲೆಸಿದ ಕುಟುಂಬಗಳು ನಮ್ಮ ನರಸಿಂಹರಾಜಪುರ ತಾಲ್ಲೂಕಿನಲ್ಲಿ ಬಹಳ ಇವೆ. ಅವರ ನೆಂಟರ ಮಕ್ಕಳನ್ನು ಕೇಳಿ ನೋಡಿ. ಕೇರಳ 2001ರಲ್ಲಿ 'ಐಟಿ ಅಟ್ ಸ್ಕೂಲ್' ಯೋಜನೆಯನ್ನು ಆರಂಭಿಸಿ, ಕೆಲವೇ ವರ್ಷಗಳಲ್ಲಿ ಶಾಲೆಗಳನ್ನು ಗ್ನೂ-ಲಿನಕ್ಸಿಗೆ ತಂದಿತು. 2017ರಲ್ಲಿ ಆ ಯೋಜನೆಯೇ 'ಕೈಟ್' ಎಂಬ ಸರ್ಕಾರಿ ಸಂಸ್ಥೆಯಾಯಿತು. ಅದು ಶಾಲೆಗಳಿಗೆಂದೇ ಸಿದ್ಧಪಡಿಸಿದ ಆಪರೇಟಿಂಗ್ ಸಿಸ್ಟಮನ್ನು ಯಾರು ಬೇಕಾದರೂ ನಕಲು ಮಾಡಬಹುದು, ಎಷ್ಟು ಯಂತ್ರಕ್ಕಾದರೂ ಹಾಕಬಹುದು. ಕೀಲಿಸಂಖ್ಯೆಯ ಗೊಡವೆಯಿಲ್ಲ, ಕಳ್ಳಪ್ರತಿಯೆಂಬ ಅಪವಾದವಿಲ್ಲ. ಕಾಸರಗೋಡಿನ ಕನ್ನಡ ಮಾಧ್ಯಮ ಶಾಲೆಗಳೂ ಇದೇ ವ್ಯವಸ್ಥೆಯೊಳಗಿವೆ. ಗಡಿಯಾಚೆಯ ಕನ್ನಡದ ಮಕ್ಕಳಿಗೆ ಸಾಧ್ಯವಾದದ್ದು ಗಡಿಯೀಚೆಯವರಿಗೆ ಏಕೆ ಕಷ್ಟ? ನಮ್ಮಲ್ಲಿಯೂ 2011ರಿಂದ 'ವಿಷಯ ಶಿಕ್ಷಕರ ವೇದಿಕೆ'ಯ ತರಬೇತಿಗಳಲ್ಲಿ ಪ್ರೌಢಶಾಲಾ ಶಿಕ್ಷಕರು ಉಬುಂಟು ಬಳಸಿದರು. ನಮ್ಮ ಉಪಾಧ್ಯಾಯರಿಗೆ ಇದು ಆಗದ ಕೆಲಸವೆನ್ನುವವರು ಆ ತರಬೇತಿಗಳನ್ನು ಮರೆತಿದ್ದಾರೆ.

ಎಲ್ಲರೂ ಲಿನಕ್ಸಿಗೆ ಬದಲಾಗಿ ಎಂದು ನಾನು ಹಟ ಹಿಡಿಯುವುದಿಲ್ಲ. ಅಡಿಕೆ ಮಂಡಿಯ ಲೆಕ್ಕದ ತಂತ್ರಾಂಶ ವಿಂಡೋಸನ್ನೇ ಕೇಳಬಹುದು. ಆದರೆ ವಿಂಡೋಸ್ 10ರ ಅವಧಿ ಮುಗಿಯಿತೆಂದು ಗುಜರಿಗೆ ಹೊರಟ ಯಂತ್ರಕ್ಕೆ ಅದನ್ನು ಹಾಕಿ, ಬರೆಯಲು, ಓದಲು, ಮೊಮ್ಮಕ್ಕಳ ಮುಖ ನೋಡಲು ಬಳಸಬಹುದಲ್ಲ? ನಾನು ಈ ಲೇಖನವನ್ನು ಅಂಥದೇ ಒಂದು ಯಂತ್ರದಲ್ಲಿ ಬರೆಯುತ್ತಿದ್ದೇನೆ. ಕನ್ನಡ ಚೆನ್ನಾಗಿಯೇ ಮೂಡುತ್ತಿದೆ.

"ಈಗ ಎಲ್ಲವೂ ಕ್ಲೌಡಿನಲ್ಲಿ ಇರುತ್ತದೆ ಸಾರ್, ಡಿಸ್ಕಿನ ಮಾತೇಕೆ?" ಎಂದು ನಿಮ್ಮಲ್ಲಿ ಕೆಲವರು ಫೋನಿನಲ್ಲಿ ಹೇಳಿದ್ದೀರಿ. ನಿಮ್ಮ ಬೆಂಗಳೂರಿನ ಕ್ಲೌಡ್ ಬೇರೆ, ನಮ್ಮ ಮಲೆನಾಡಿನ ಮೋಡ ಬೇರೆ. ಆಷಾಢದ ಗಾಳಿಗೆ ಮರ ಬಿದ್ದು ಮೂರು ದಿನ ಕರೆಂಟಿಲ್ಲದಾಗ, ಒಂದು ಕಡ್ಡಿ ಸಿಗ್ನಲ್ಲಿಗಾಗಿ ಗುಡ್ಡ ಹತ್ತುವಾಗ, ಆ ಕ್ಲೌಡ್ ಎಲ್ಲಿರುತ್ತದೆ? ಪುಕ್ಕಟೆ ಜಾಗಕ್ಕೂ ಮಿತಿಯುಂಟು: ಗೂಗಲಿನಲ್ಲಿ 15 ಜಿಬಿ, ಒನ್‌ಡ್ರೈವಿನಲ್ಲಿ 5 ಜಿಬಿ. ಇನ್ನೊಂದು ಸೂಕ್ಷ್ಮವಿದೆ. ಇಲ್ಲಿ ಬದಲಾದದ್ದನ್ನು ಅಲ್ಲಿಯೂ ಬದಲಿಸುವ 'ಸಿಂಕ್' ವ್ಯವಸ್ಥೆ ಇಲ್ಲಿ ಅಳಿಸಿದ್ದನ್ನು ಅಲ್ಲಿಯೂ ಅಳಿಸುತ್ತದೆ. ಕಸದ ಬುಟ್ಟಿಯಲ್ಲಿ ಕೆಲವು ವಾರ ಇದ್ದು ಆಮೇಲೆ ಮಾಯ. ಕನ್ನಡಿಯಲ್ಲಿ ಕಾಣುವ ಪ್ರತಿಬಿಂಬವನ್ನು ಎರಡನೆಯ ಪ್ರತಿ ಎನ್ನಲಾದೀತೆ? ಹೊರಗಿನ ಪ್ರತಿಗಳಲ್ಲಿ ಒಂದಾಗಿ ಕ್ಲೌಡ್ ಇರಲಿ. ಅದೊಂದೇ ಇರುವುದು ಬೇಡ.

ಪ್ರತಿ ಮಾಡಿಡುವುದು ನಮಗೆ ಹೊಸ ವಿದ್ಯೆಯೂ ಅಲ್ಲ. ದಾನಚಿಂತಾಮಣಿ ಅತ್ತಿಮಬ್ಬೆ ಪೊನ್ನನ ಶಾಂತಿಪುರಾಣವನ್ನು ಸಾವಿರ ಪ್ರತಿ ಬರೆಸಿ ಹಂಚಿದಳೆಂದು ತರಗತಿಯಲ್ಲಿ ಪಾಠ ಮಾಡಿದ್ದೇವೆ. ನೀವು ಅದನ್ನು ಎರಡು ಅಂಕದ ಪ್ರಶ್ನೆಯಾಗಿ ಉರು ಹೊಡೆದಿದ್ದೀರಿ. ಆ ತಾಯಿ ಮಾಡಿದ್ದೇ ಬ್ಯಾಕಪ್. ಒಂದು ಗರಿಕಟ್ಟನ್ನು ಗೆದ್ದಲು ತಿಂದರೂ ಇನ್ನೊಂದು ಊರಿನಲ್ಲಿ ಮತ್ತೊಂದು ಉಳಿಯಲಿ ಎಂಬ ಏರ್ಪಾಡು. 'ಫೈಲ್' ಎಂಬುದಕ್ಕೆ ನಾವು ಬಳಸುವ 'ಕಡತ' ಎಂಬ ಮಾತಿಗಾದರೂ ಮೂಲ ಎಲ್ಲಿ? ಬಟ್ಟೆಗೆ ಹುಣಿಸೆಬೀಜದ ಅಂಟು, ಇದ್ದಿಲಿನ ಪುಡಿಗಳನ್ನು ಬಳಿದು, ಮಡಿಸಿ, ಬಳಪದಲ್ಲಿ ಬರೆಯುತ್ತಿದ್ದ ಲೆಕ್ಕದ ಪುಸ್ತಕವೇ ಕಡತ. ಶೃಂಗೇರಿ ಮಠದಲ್ಲಿ ಅಂಥ ಹಳೆಯ ದಾಖಲೆಗಳನ್ನು ಜೋಪಾನ ಮಾಡಿದ್ದರಿಂದಲೇ, ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಟಿಪ್ಪು ಸುಲ್ತಾನ್ ಮಠಕ್ಕೆ ಬರೆದ ಕನ್ನಡ ಪತ್ರಗಳು 1916ರಲ್ಲಿ ಪುರಾತತ್ವ ಇಲಾಖೆಯ ಆರ್. ನರಸಿಂಹಾಚಾರ್ಯರ ಕಣ್ಣಿಗೆ ಬಿದ್ದವು. ನೂರಿಪ್ಪತ್ತು ವರ್ಷದ ಬಳಿಕ ಅವನ್ನು ಓದಲು ಅವರು ಯಾವ ಕಂಪನಿಯ ಅಪ್ಪಣೆಯನ್ನೂ ಕೇಳಬೇಕಾಗಲಿಲ್ಲ. ನಮ್ಮ ಹನ್ನೆರಡು ವರ್ಷದ ಲೆಕ್ಕ ಒಂದು ಮಧ್ಯಾಹ್ನದಲ್ಲಿ ಅಳಿಯುತ್ತದೆ. ಆದರೂ ನಾವೇ ಮುಂದುವರಿದವರಂತೆ!

ಆದ್ದರಿಂದ ಶಿಷ್ಯರೆ, ಇದು ನಿಮಗೆ ಕೊಡುವ ಮನೆಗೆಲಸ. ಮುಂದಿನ ಹಬ್ಬಕ್ಕೆ ಊರಿಗೆ ಬರುವಾಗ ಸಿಹಿಯ ಪೊಟ್ಟಣದ ಜತೆಗೆ ಒಂದು ಹೊರಗಿನ ಹಾರ್ಡ್ ಡಿಸ್ಕ್, ಕನಿಷ್ಠ 8 ಜಿಬಿಯ ಎರಡು ಪೆನ್‌ಡ್ರೈವ್ ತನ್ನಿ. ಒಂದರಲ್ಲಿ ಮನೆಯ ಯಂತ್ರಕ್ಕೆ ಹೊಂದುವ ವಿಂಡೋಸಿನ ಅಸಲಿ ಸ್ಥಾಪನಾ ಪ್ರತಿ, ಇನ್ನೊಂದರಲ್ಲಿ ಲಿನಕ್ಸ್ ತುಂಬಿಸಿ. ನೆಟ್‌ವರ್ಕ್ ನಿಧಾನವಿರುವ ಊರಿಗೆ ಅದನ್ನು ಅಲ್ಲಿಂದಲೇ ಇಳಿಸಿಕೊಂಡು ಬರುವುದು ವಿವೇಕ. ಅಪ್ಪ-ಅಮ್ಮನ ಡೆಸ್ಕ್‌ಟಾಪ್, ಡಾಕ್ಯುಮೆಂಟ್ಸ್, ಫೋನಿನ ಫೋಟೋಗಳನ್ನು ಹಾರ್ಡ್ ಡಿಸ್ಕಿಗೆ ನಕಲು ಮಾಡಿ. ನಕಲಾಯಿತೆಂದು ನಂಬಿ ಏಳಬೇಡಿ. ನಾಲ್ಕಾರು ಕಡತಗಳನ್ನು ತೆರೆದು ನೋಡಿ. ತೆರೆದು ನೋಡದ ಪ್ರತಿ, ತಿದ್ದದ ಉತ್ತರಪತ್ರಿಕೆ ಇದ್ದಂತೆ. ಒಳಗೇನಿದೆಯೋ ಯಾರಿಗೂ ಗೊತ್ತಿಲ್ಲ.

ಜಗತ್ತಿನಾದ್ಯಂತ ತಿಳಿದವರು ಪಾಲಿಸುವ 3-2-1 ಎಂಬ ನಿಯಮವಿದೆ: ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಬೇರೆ ಊರಿನಲ್ಲಿ. ಆ ಬೇರೆ ಊರಿನ ಪ್ರತಿಯನ್ನು ನೀವೇ ಹಿಂದಿರುಗುವಾಗ ಒಯ್ಯಿರಿ. ಮನೆಯಲ್ಲಿ ಉಳಿಯುವ ಡಿಸ್ಕನ್ನು ಒಲೆಯ ಮೇಲಿನ ಅಟ್ಟದಲ್ಲಿಟ್ಟು ಹೊಗೆ ಹಾಕಬೇಡಿ. ಗಾಳಿಯಾಡದ ಡಬ್ಬಿಯಲ್ಲಿ, ಔಷಧಿ ಸೀಸೆಗಳ ಜತೆ ಬರುವ ತೇವ ಹೀರುವ ಪೊಟ್ಟಣದೊಂದಿಗೆ ಇಡಿ. ನಮ್ಮ ಮಳೆಗಾಲದಲ್ಲಿ ಚಪ್ಪಲಿಗೆ ಹಿಡಿಯುವ ಬೂಷ್ಟು ಸಿಡಿಗಳನ್ನೂ ಬಿಡುವುದಿಲ್ಲ. ಪೆನ್‌ಡ್ರೈವನ್ನು ಶಾಶ್ವತವೆಂದು ನಂಬಬೇಡಿ. ವರ್ಷಕ್ಕೊಮ್ಮೆ ತೆರೆದು, ಹೊಸದಾಗಿ ನಕಲು ಮಾಡಿ.

ಹೊಸ ಲ್ಯಾಪ್‌ಟಾಪುಗಳಿಗೆ ಒಂದು ಎಚ್ಚರಿಕೆ. ಈಚಿನ ವಿಂಡೋಸ್ 11ರಲ್ಲಿ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ ಡಿಸ್ಕು ತಾನಾಗಿ ಗೂಢಲಿಪಿಯಲ್ಲಿ ಬೀಗ ಹಾಕಿಕೊಳ್ಳಬಹುದು. ಅದನ್ನು ತೆರೆಯುವ 48 ಅಂಕಿಗಳ ಕೀಲಿ ಆ ಖಾತೆಯಲ್ಲಿರುತ್ತದೆ. ಖಾತೆ ತೆರೆದವನು ಬೆಂಗಳೂರಿನ ಮಗ, ಯಂತ್ರ ಇರುವುದು ಕಡಹಿನಬೈಲಿನ ಅಪ್ಪನ ಬಳಿ. ಯಂತ್ರ ಕೆಟ್ಟ ದಿನ ನಾನು ಹೇಳಿದ ಯಾವ ಉಪಾಯವೂ ಕೀಲಿಯಿಲ್ಲದೆ ನಡೆಯದು. ಆ 48 ಅಂಕಿಗಳನ್ನು ಕಾಗದದ ಮೇಲೆ ಬರೆದು, ಪಡಿತರ ಚೀಟಿ ಇಡುವ ಜಾಗದಲ್ಲೇ ಇಡಿ.

ಅಂಗಡಿ ನಡೆಸುವ ಶಿಷ್ಯರಿಗೆ ಕೇಳುವುದು ಒಂದೇ ಪ್ರಶ್ನೆಯ ಅಭ್ಯಾಸ: ಸ್ಕ್ರೂಡ್ರೈವರ್ ಹಿಡಿಯುವ ಮುನ್ನ "ಇದರಲ್ಲಿ ಉಳಿಯಬೇಕಾದದ್ದು ಏನಿದೆ?" ಎಂದು ಕೇಳಿ, ಉತ್ತರವನ್ನು ರಸೀತಿಯ ಮೇಲೆ ಬರೆದು ಸಹಿ ಹಾಕಿಸಿಕೊಳ್ಳಿ. ಯಂತ್ರ ಕೊಳ್ಳುವ ಬಂಧುಗಳಿಗೆ: ಬಿಲ್ ಕಟ್ಟುವ ಮುನ್ನ ಮರುಸ್ಥಾಪನೆಯ ಪೆನ್‌ಡ್ರೈವನ್ನು ಅಂಗಡಿಯಲ್ಲೇ ಮಾಡಿಕೊಡಿ ಎಂದು ಪಟ್ಟುಹಿಡಿಯಿರಿ. ನೂರು ಮಂದಿ ಕೇಳಿದರೆ ಅದೇ ಪದ್ಧತಿಯಾಗುತ್ತದೆ. ಕಂಪನಿಗಳು ಡಿಸ್ಕ್ ನಿಲ್ಲಿಸಿದ್ದು ಯಾರೂ ಕೇಳದಿದ್ದುದರಿಂದಲೇ.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತಾಗಬಾರದು. ಹಬ್ಬಕ್ಕೆ ಬಂದಾಗ ಅಡುಗೆಮನೆಯಲ್ಲಿ ಹೋಳಿಗೆ ಬೇಯುವಷ್ಟು ಹೊತ್ತು ಸಾಕು, ಈ ಕೆಲಸದ ಮುಕ್ಕಾಲು ಪಾಲು ಮುಗಿಯುತ್ತದೆ. ಮಾಡಿದವರು ಒಂದು ಸಾಲು ಬರೆದು ತಿಳಿಸಿ. ಮಾಡದವರ ಹಾಜರಿಯನ್ನು ಮುಂದಿನ ಹಬ್ಬಕ್ಕೆ ಮತ್ತೆ ಕೂಗುತ್ತೇನೆ.